ಮುಂಚಕ್ರಕ್ಕೂ ಬಲ ಕೊಟ್ಟರೆ ಬೈಕ್ ಬೇಗ ಓಡುತ್ತದೆಯೇ?

ಓದುಗರ ಪತ್ರ: ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಬಲ ಹೋಗುವುದು ಹಳೆಯ ಮಾತಾಯಿತು. ಬೈಕಿನಲ್ಲಿ ಎರಡೂ ಚಕ್ರ ತಿರುಗಿಸಲು ಕಂಪನಿಗಳು ಯಾಕೆ ಮನಸ್ಸು ಮಾಡುತ್ತಿಲ್ಲ? ರೇಸ್ ಟ್ರ್ಯಾಕ್‌ನಲ್ಲಿ ಲ್ಯಾಪ್ ಸಮಯ ಇಳಿಯುವುದಿಲ್ಲವೇ? ನನ್ನ ಟ್ರೇಲ್ (ಕಚ್ಚಾದಾರಿಯ) ಬೈಕಿನ ಮುಂಚಕ್ರಕ್ಕೆ ಹಬ್ ಮೋಟಾರ್ (ಚಕ್ರದ ನಡುವೆಯೇ ಕೂರುವ ವಿದ್ಯುತ್ ಮೋಟಾರ್) ಹಾಕಿಸಬಹುದೇ?

ಸಂಪಾದಕರ ಉತ್ತರ:

ಒಣ ಡಾಂಬರಿನ ಟ್ರ್ಯಾಕ್‌ನಲ್ಲಿ ಹೆಚ್ಚೇನೂ ಇಳಿಯುವುದಿಲ್ಲ. ಒಂದು ಲೆಕ್ಕ ನೋಡಿ. ಎರಡು ಆಕ್ಸಲ್‌ಗಳ ನಡುವೆ 1.4 ಮೀಟರ್, ಸವಾರನೂ ಸೇರಿ ಗುರುತ್ವ ಕೇಂದ್ರ ನೆಲದಿಂದ 0.65 ಮೀಟರ್ ಎತ್ತರದಲ್ಲಿ, ಭಾರ ಹಿಂದೆ ಮುಂದೆ ಸಮಪಾಲು ಎಂದುಕೊಳ್ಳಿ. ಈ ಬೈಕ್ ಸುಮಾರು 1.08 ಜಿ (ಗುರುತ್ವದ 1.08 ಪಟ್ಟು) ವೇಗೋತ್ಕರ್ಷಕ್ಕೆ ಮುಂಚಕ್ರ ಎತ್ತಿಬಿಡುತ್ತದೆ. ಒಳ್ಳೆಯ ಸ್ಪೋರ್ಟ್ ಟೈರು ಒಣ ರಸ್ತೆಯಲ್ಲಿ ಅಷ್ಟು ಹಿಡಿತವನ್ನು ಹೇಗೂ ಕೊಡುತ್ತದೆ. ಅಂದರೆ ಅಲ್ಲಿ ತಡೆಯುತ್ತಿರುವುದು ಹಿಂದಿನ ಟೈರು ಜಾರುವುದಲ್ಲ, ವೀಲಿ, ಅಂದರೆ ಮುಂಚಕ್ರ ಎದ್ದುಬಿಡುವುದು. ಬಲವನ್ನು ಯಾವ ಚಕ್ರದಿಂದ ಕೊಟ್ಟರೂ ನೆಲವನ್ನು ತಳ್ಳುವುದು ಅದೇ ಮಟ್ಟದಲ್ಲಿ. ಹಾಗಾಗಿ ವೀಲಿಯ ಮಿತಿ ಕದಲುವುದಿಲ್ಲ. ನೆಲದಿಂದ ಎದ್ದ ಚಕ್ರಕ್ಕೆ ಎಷ್ಟು ಅಶ್ವಶಕ್ತಿ ಕಳಿಸಿದರೇನು?

ಹಿಡಿತ ಕಡಿಮೆಯಾದರೆ ಚಿತ್ರ ಬೇರೆ. ಘರ್ಷಣಾಂಕ (ಟೈರಿಗೆ ನೆಲ ಕೊಡುವ ಹಿಡಿತದ ಅಳತೆ) 0.5 ಇರುವ ಒದ್ದೆ ರಸ್ತೆಯಲ್ಲಿ ಅದೇ ಬೈಕ್ ಹಿಂದಿನ ಚಕ್ರದಿಂದ ಮಾತ್ರ ಹೊರಟರೆ 0.33 ಜಿಗೆ ಜಾರತೊಡಗುತ್ತದೆ; ಎರಡೂ ಚಕ್ರ ಎಳೆದರೆ 0.5 ಜಿವರೆಗೆ ಹೋಗಬಹುದು. ಸಡಿಲ ಮಣ್ಣಿನಲ್ಲಿ (0.3) ಇದು 0.17ರಿಂದ 0.3ಕ್ಕೆ, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೆಚ್ಚು. ಇದು ಕಾಗದದ ಮೇಲಿನ ಗರಿಷ್ಠ. ಅದನ್ನು ಮುಟ್ಟಬೇಕಾದರೆ ಒದ್ದೆ ರಸ್ತೆಯಲ್ಲಿ ಒಟ್ಟು ಬಲದ ಶೇ. 27, ಮಣ್ಣಿನಲ್ಲಿ ಶೇ. 36 ಮುಂದಕ್ಕೆ ಹೋಗಬೇಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಮುಂಚಕ್ರವೇ ಮೊದಲು ಜಾರುತ್ತದೆ. ಹಿಂದಿನದು ಜಾರಿದರೆ ಸವಾರ ಸಂಭಾಳಿಸಿಕೊಳ್ಳುತ್ತಾನೆ. ತಿರುವಿನಲ್ಲಿ ಮುಂದಿನದು ಜಾರಿದರೆ ಬಹುಪಾಲು ಬಿದ್ದಂತೆಯೇ.

ತಿರುವಿನಲ್ಲಿ ಇನ್ನೂ ಒಂದು ತಕರಾರಿದೆ. ಬೈಕ್ ವಾಲಿದಾಗ ಟೈರು ನೆಲ ಮುಟ್ಟುವ ಜಾಗ ಸ್ಟೀರಿಂಗ್ ಅಕ್ಷದಿಂದ ಪಕ್ಕಕ್ಕೆ ಸರಿಯುತ್ತದೆ. ವಾಲಿಕೊಂಡೇ ಮುಂದಿನ ಬ್ರೇಕ್ ಹಿಡಿದರೆ ಬೈಕ್ ನೆಟ್ಟಗಾಗಲು ನೋಡುವುದು ಇದರಿಂದಲೇ. ಮುಂಚಕ್ರ ಎಳೆದಾಗ ಆಗುವುದು ಇದರ ಉಲ್ಟಾ: ಹ್ಯಾಂಡಲ್ ತಿರುವಿನ ಹೊರಗಡೆ ಹೊರಳುತ್ತದೆ, ಬೈಕ್ ಇನ್ನಷ್ಟು ಒಳಕ್ಕೆ ವಾಲುತ್ತದೆ. ಥ್ರಾಟಲ್ ಏರಿಳಿಸಿದಂತೆಲ್ಲ ಹ್ಯಾಂಡಲ್ ಎಳೆದಾಡಿದರೆ ವೇಗವಾಗಿ ಓಡಿಸುವವರಿಗೆ ನಂಬಿಕೆಯೇ ಹುಟ್ಟುವುದಿಲ್ಲ. ಜೊತೆಗೆ ಎರಡು ಟೈರುಗಳ ಅಗಲ ಬೇರೆ ಬೇರೆ. 45 ಡಿಗ್ರಿ ವಾಲಿದಾಗ 190 ಮಿ.ಮೀ. ಅಗಲದ ಹಿಂದಿನ ಟೈರಿನ ಉರುಳುವ ತ್ರಿಜ್ಯ ಸುಮಾರು ಶೇ. 9 ಕುಗ್ಗಿದರೆ, 120ರ ಮುಂದಿನದು ಶೇ. 6ರಷ್ಟು ಕುಗ್ಗುತ್ತದೆ. ಎರಡನ್ನೂ ಒಂದೇ ಅನುಪಾತದಲ್ಲಿ ಬಿಗಿಯಾಗಿ ಕಟ್ಟಿದರೆ ಒಂದು ಟೈರು ಉಜ್ಜಿಕೊಂಡೇ ಸಾಗಬೇಕು, ಚೈನು ಬೇರಿಂಗುಗಳು ಆ ಸೆಣಸಾಟ ತಿನ್ನಬೇಕು.

ಇದಕ್ಕೆ ಎರಡು ಜಾಣ ಉತ್ತರಗಳು ಬಂದವು. ಮೊದಲನೆಯದು ಸಸ್ಪೆನ್ಷನ್ ಕಂಪನಿ ಓಲಿನ್ಸ್ ರೂಪಿಸಿ ಯಮಹಾ ಡಬ್ಲ್ಯುಆರ್450ಎಫ್‌ನಲ್ಲಿ ಬಂದ 2-ಟ್ರ್ಯಾಕ್. ಎಂಜಿನ್ ಒಂದು ಹೈಡ್ರಾಲಿಕ್ ಪಂಪ್ ತಿರುಗಿಸುತ್ತದೆ, ಮೆದುಗೊಳವೆಯಲ್ಲಿ ಎಣ್ಣೆ ಹೋಗಿ ಮುಂದಿನ ಹಬ್‌ನ ಪುಟ್ಟ ಮೋಟಾರ್ ತಿರುಗುತ್ತದೆ. ಹಿಂಬದಿ ಜಾರಿದಾಗ ಒತ್ತಡ ಏರಿ ಬಲದ ಶೇ. 15ರವರೆಗೆ ಮುಂದಕ್ಕೆ ಹರಿಯುತ್ತದೆ. 2004ರ ಡಾಕರ್ ರ‍್ಯಾಲಿಯಲ್ಲಿ ಡೇವಿಡ್ ಫ್ರೆಟಿನ್ಯೆ ಇದರ ಮೇಲೆಯೇ 450 ಸಿಸಿ ವರ್ಗ ಗೆದ್ದು, ಒಟ್ಟಾರೆ 7ನೆಯವರಾದರು. ಅದು ಮರಳಿನ ಗೆಲುವು ಅನ್ನುವುದು ಗಮನದಲ್ಲಿರಲಿ. ಎರಡನೆಯದು ಅಮೆರಿಕದ ಕ್ರಿಸ್ಟೀನಿ ಕಂಪನಿಯ ದಾರಿ, ಪೂರ್ತಿ ಯಾಂತ್ರಿಕ. ಟ್ಯಾಂಕ್ ಕೆಳಗಿನ ಚೈನಿನಿಂದ ಬಂದ ಬಲ ಸ್ಟೀರಿಂಗ್ ಹೆಡ್ ಮೂಲಕ ಫೋರ್ಕ್ ಪಕ್ಕದ ಎರಡು ಶಾಫ್ಟ್‌ಗಳಿಗೆ ಇಳಿಯುತ್ತದೆ. ಅವು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಹ್ಯಾಂಡಲ್‌ಗೆ ತಿರುಚು ತಗಲುವುದಿಲ್ಲ. ಹಬ್‌ನಲ್ಲಿ ಏಕಮುಖ ಕ್ಲಚ್: ಚಕ್ರ ಡ್ರೈವ್‌ಗಿಂತ ಬೇಗ ಮುಂದಕ್ಕೆ ತಿರುಗಿದರೆ ಬಿಡುತ್ತದೆ, ಇಲ್ಲವಾದರೆ ಹಿಡಿಯುತ್ತದೆ. ಮುಂದಿನ ಡ್ರೈವ್ ಹಿಂದಿನದಕ್ಕಿಂತ ಶೇ. 20ರಷ್ಟು ನಿಧಾನ, ಆದ್ದರಿಂದ ಹಿಂದಿನ ಚಕ್ರ ನೆಲದ ವೇಗಕ್ಕಿಂತ ಕಾಲುಪಾಲು ಹೆಚ್ಚು ತಿರುಗಿದಾಗಲೇ ಮುಂದಿನದು ಎಳೆಯುತ್ತದೆ.

ಇಂಥ ಬೈಕಿನಲ್ಲಿ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಬದಲಿಸುವ ಮುನ್ನ ಲೆಕ್ಕ ಹಾಕಿ. ಮುಂದಿನ ಡ್ರೈವ್ ಗೇರ್‌ಬಾಕ್ಸ್ ಬದಿಯಿಂದಲೇ ಹೊರಟಿದ್ದರೆ, ಹಿಂದಿನ 48 ಹಲ್ಲಿನ ಜಾಗದಲ್ಲಿ 52 ಹಾಕಿದಾಗ ಅನುಪಾತ 0.80ರಿಂದ 0.87ಕ್ಕೆ ಏರಿ ಮುಂಚಕ್ರ ಬೇಗ ಎಚ್ಚರಗೊಳ್ಳುತ್ತದೆ. 44 ಹಾಕಿದರೆ 0.73ಕ್ಕೆ ಇಳಿದು, ಹಿಂದಿನದು ಶೇ. 36 ಜಾರುವವರೆಗೆ ಮುಂದಿನದು ಸುಮ್ಮನಿರುತ್ತದೆ. ಮುಂದಿನ ಡ್ರೈವ್ ಹಾಕಿಕೊಂಡೇ ಬೈಕನ್ನು ಹಿಂದಕ್ಕೆ ತಳ್ಳಬೇಡಿ, ಏಕಮುಖ ಕ್ಲಚ್ ಕಚ್ಚಿಕೊಂಡು ಚಕ್ರಗಳು ಬಿಗಿಯುತ್ತವೆ. ಹಳೆಯ ಬೈಕ್ ಕೊಳ್ಳುವಾಗ ಮುಂಚಕ್ರ ಎತ್ತಿ ಮುಂದಕ್ಕೆ ತಿರುಗಿಸಿ: ಹಿಂದಿನದು ನಿಂತಿದ್ದರೂ ಅದು ಸರಾಗ ತಿರುಗಬೇಕು. ಬಿಗಿ ಹಿಡಿದರೆ ಕ್ಲಚ್ ಸಿಕ್ಕಿಕೊಂಡಿದೆ, ಅದು ತಿರುವಿನಲ್ಲಿ ಅಪಾಯ.

ಇನ್ನು ನಿಮ್ಮ ಹಬ್ ಮೋಟಾರ್. 50 ನ್ಯೂಟನ್-ಮೀಟರ್ ಟಾರ್ಕ್‌ನದು 21 ಇಂಚಿನ ಚಕ್ರದಲ್ಲಿ ನೆಲಕ್ಕೆ ಸುಮಾರು 140 ನ್ಯೂಟನ್ ತಳ್ಳು ಕೊಡುತ್ತದೆ. ಸವಾರ ಸೇರಿ 200 ಕಿಲೋ ಬೈಕಿಗೆ ಅದು 0.07 ಜಿ, ಕೆಸರಿನಲ್ಲಿ ಸಿಕ್ಕಿಕೊಂಡಾಗ ಗೊತ್ತಾಗುವಷ್ಟು ಸಹಾಯ, ರಸ್ತೆಯಲ್ಲಿ ಏನೂ ಅಲ್ಲ. ಸೈಕಲ್‌ಗೆಂದು ಮಾಡಿದ ಮೋಟಾರ್ ಮಾತ್ರ ಬೇಡ. ಅದಕ್ಕೆ ಕೂರುವುದು 160–180 ಮಿ.ಮೀ. ಡಿಸ್ಕ್, ನಿಮ್ಮ ಈಗಿನ ಮುಂದಿನ ಬ್ರೇಕನ್ನು ಅದಕ್ಕಾಗಿ ಕಳೆದುಕೊಳ್ಳುವುದು ಹುಚ್ಚುತನ. ಮೋಟಾರ್ ತಿರುಗಿದಷ್ಟೇ ಬಲವಾಗಿ ಆಕ್ಸಲ್ ಹಿಮ್ಮುಖ ತಿರುಗಲು ನೋಡುತ್ತದೆ. ಅದನ್ನು ಫೋರ್ಕ್‌ಗೆ ಕಟ್ಟುವ ಉಕ್ಕಿನ ತೋಳು 10 ಸೆಂ.ಮೀ. ಇದ್ದರೆ ಅದರ ತುದಿಗೆ 500 ನ್ಯೂಟನ್ ಬೀಳುತ್ತದೆ. ಆ ತೋಳಿಲ್ಲದೆ ಆಕ್ಸಲ್ ಸುತ್ತಿದರೆ ಮೊದಲು ತುಂಡಾಗುವುದು ಒಳಗಿನ ವೈರುಗಳು, ನಂತರ ಸಡಿಲವಾಗುವುದು ಚಕ್ರ.

ಮೋಟಾರಿಗೆ ಎಡಗೈ ಹೆಬ್ಬೆರಳಿನ ಪ್ರತ್ಯೇಕ ಥ್ರಾಟಲ್ ಇಡಿ, ಎರಡೂ ಬ್ರೇಕ್‌ಗಳಿಗೆ ಕರೆಂಟ್ ಕಡಿಯುವ ಸ್ವಿಚ್ ಕೂಡಿಸಿ. ವೈರು ಆಕ್ಸಲ್‌ನಿಂದ ಹೊರಬರುವಲ್ಲಿ ಕೆಳಕ್ಕೊಂದು ಬಾಗು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಮೋಟಾರಿನೊಳಗೆ ಇಳಿಯುವುದಿಲ್ಲ. ಫೋರ್ಕ್ ಪೂರ್ತಿ ಅದುಮಿ, ಹ್ಯಾಂಡಲ್ ಎರಡೂ ತುದಿಗೆ ತಿರುಗಿಸಿ, ಯಾವ ವೈರೂ ಎಳೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಬ್ಯಾಟರಿ ಜೋಡಿಸಿ.