ಕೆಂಪು ಬೆನ್ನಿನ ಜಂಬಗಾರ

ರಾಮನಗರದ ಓದುಗರೊಬ್ಬರ ಪತ್ರ: “ಬಂಡೆ ಮೇಲೆ ಎರಡು ಓತಿಕ್ಯಾತ ಜಗಳಕ್ಕೆ ನಿಂತಿದ್ದವು. ಒಂದರ ಬೆನ್ನು ಕೆಂಪು, ಪಕ್ಕೆ ಕಪ್ಪು. ಗರಡಿ ಪೈಲ್ವಾನನ ಹಾಗೆ ದಂಡ ಹೊಡೀತಿತ್ತು. ಇನ್ನೊಂದು ಮಣ್ಣಿನ ಬಣ್ಣದ್ದು, ಸುಮ್ನೆ ಕೂತಿತ್ತು. ಹದ್ದಿನ ಕಣ್ಣಿಗೆ ಬೀಳುವ ಹಾಗೆ ಇಷ್ಟೊಂದು ಮೆರೆಯೋದು ದಡ್ಡತನ ಅಲ್ವಾ? ವಿಕಾಸದಲ್ಲಿ ಇಂಥವು ಯಾವತ್ತೋ ಅಳಿಯಬೇಕಿತ್ತಲ್ಲ? ಅಂದ ಹಾಗೆ, ನೀವು ಕಳೆದ ಸಂಚಿಕೆಯಲ್ಲಿ ಇದರ ಚಿತ್ರ ಹಾಕಿ ಗೋಸುಂಬೆ ಅಂತ ಬರೆದಿದ್ದೀರಿ.”

ಮೊದಲು ನಮ್ಮ ತಪ್ಪು. ಗೋಸುಂಬೆ ಬೇರೆ, ಓತಿಕ್ಯಾತ ಬೇರೆ. ಬಣ್ಣ ಬದಲಿಸುವುದೆಲ್ಲ ಗೋಸುಂಬೆ ಅಂದುಕೊಂಡು ಅಡಿಬರಹ ಬರೆದುಬಿಟ್ಟೆವು. ಕ್ಷಮಿಸಿ.

ಈಗ ನಿಮ್ಮದೊಂದು ಚಿಕ್ಕ ತಪ್ಪು. ನೀವು ನೋಡಿದ್ದು ಜಗಳ ಅಲ್ಲ, ಹೆಣ್ಣು ನೋಡುವ ಶಾಸ್ತ್ರ! ಬಣ್ಣವೇ ಅದನ್ನು ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಅನುರಾಧಾ ಬಟಬ್ಯಾಲ್ ಈ ಬಂಡೆ ಓತಿಕ್ಯಾತದ ಬಣ್ಣಗಳ ಬಗ್ಗೆ 2017ರಲ್ಲಿ ಬರೆದಿದ್ದಾರೆ. ಇನ್ನೊಂದು ಗಂಡು ಎದುರಾದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಹೆಣ್ಣು ಎದುರಾದರೆ ಬೆನ್ನು ಕೆಂಪು, ಪಕ್ಕೆ ಕಪ್ಪು. ಜಗಳದ ಬಣ್ಣ ಬೇಗ ಬರುತ್ತದೆ. ಮೆಚ್ಚಿಸುವ ಬಣ್ಣ ಹೆಚ್ಚು ಎದ್ದು ಕಾಣುತ್ತದೆ. ಜಗಳಕ್ಕೆ ತಡಮಾಡಿದರೆ ಏಟು ಬೀಳುತ್ತೆ ನೋಡಿ. ಮದುವೆಗೆ ಮಾತ್ರ ಅಲಂಕಾರ ಜಾಸ್ತಿ ಬೇಕು.

ದಡ್ಡತನದ ಮಾತಿಗೆ ಬರೋಣ. ಬದುಕಿ ಉಳಿಯುವುದೇ ಎಲ್ಲ ಆಗಿದ್ದರೆ ನಿಮ್ಮ ಮಾತು ಸರಿ. ಆದರೆ ಹದ್ದಿಗೆ ಕಾಣದೆ ಬಿರುಕಿನಲ್ಲಿ ಅಡಗಿ, ಮರಿಯೇ ಇಲ್ಲದೆ ಮುದಿಯಾದ ಗಂಡಿನ ಗುಣ ಅಲ್ಲಿಗೇ ಮುಗಿಯಿತು. ನಾಲ್ಕು ದಿನ ಮೆರೆದು ಹದ್ದಿನ ಬಾಯಿಗೆ ಬಿದ್ದದ್ದು ಮರಿ ಬಿಟ್ಟು ಹೋಗಿದ್ದರೆ ಕೆಂಪು ಬಣ್ಣ ಮುಂದುವರಿಯಿತು. ಈ ಓತಿಕ್ಯಾತಕ್ಕೆ ಆಯಸ್ಸೂ ಕಮ್ಮಿ. ಕಾಯುತ್ತ ಕೂತರೆ ಕೆಟ್ಟಿತು. ಡಾರ್ವಿನ್ 1871ರಲ್ಲೇ ಇದನ್ನು ವಿವರಿಸಿದ. ಅವನು ಕೊಟ್ಟ ಉದಾಹರಣೆಗಳಲ್ಲಿ ನಮ್ಮ ದೇಶದ್ದೂ ಒಂದಿದೆ: ಗಂಟಲ ಚೀಲವನ್ನು ಬೀಸಣಿಗೆಯಂತೆ ಬಿಚ್ಚುವ ಓತಿ. ಜೊತೆಗೆ ಈ ಬಂಡೆಯ ಸಾಹೇಬರು ದಿನವಿಡೀ ಕೆಂಪಾಗಿರುವುದೂ ಇಲ್ಲ. ಬೇಕಾದಾಗ ತೊಟ್ಟು, ಬೇಡವಾದಾಗ ಕಳಚಿಡುವ ಅಂಗಿ ಅದು.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸದೇ ಹೋದದ್ದು ಆ “ಸುಮ್ನೆ ಕೂತಿತ್ತು” ಅನ್ನುವ ಮಾತು. ಹೆಣ್ಣು ಸುಮ್ಮನೆ ಕೂತಿರುವುದಿಲ್ಲ ಸ್ವಾಮಿ! ಬೇಲಿ ಮೇಲಿನ ನಮ್ಮ ಮಾಮೂಲಿ ಓತಿಕ್ಯಾತವನ್ನೇ ತಗೊಳ್ಳಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭಾಗ್ಯಶ್ರೀ ಶಾನಭಾಗ, ಸೈದಾಪುರ ಮತ್ತು ಜೊತೆಗಾರರು ಅದನ್ನು ವರ್ಷಗಟ್ಟಲೆ ಗಮನಿಸಿದರು. ಅದು ಮೊಟ್ಟೆ ಇಡುವುದು ಹಸಿ ಮಣ್ಣನ್ನು ತೋಡಿ. ಮಣ್ಣು ಹದ ಇಲ್ಲದಿದ್ದರೆ ಇಡುವುದಿಲ್ಲ, ಹೊಟ್ಟೆಯಲ್ಲೇ ತಡೆದಿಟ್ಟುಕೊಳ್ಳುತ್ತದೆ. ಒಳಗಿನ ಭ್ರೂಣ ಒಂದು ಹಂತಕ್ಕೆ ಬಂದು ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಮೊಟ್ಟೆ ಮಣ್ಣಿಗೆ ಬಿದ್ದ ಮೇಲೆ ಮತ್ತೆ ಬೆಳೆಯುತ್ತದೆ. ಮಳೆ ನೋಡಿ ಬಿತ್ತುವ ರೈತನ ಲೆಕ್ಕಾಚಾರವೇ! ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ಒಡಲಲ್ಲಿ ಕಾಪಿಟ್ಟುಕೊಳ್ಳುವುದೂ ಅದಕ್ಕೆ ಗೊತ್ತು. ಗಂಡು ದಂಡ ಹೊಡೆದು ಹೋದ ಮೇಲೂ ಮುಂದಿನ ವ್ಯವಹಾರವೆಲ್ಲ ಹೆಣ್ಣಿನ ಕೈಯಲ್ಲೇ. ಗಂಡಿನ ಬಣ್ಣ ಕಣ್ಣಿಗೆ ಹೊಡೆಯುವುದರಿಂದ ನಾವು ಪತ್ರಿಕೆಯವರೂ ಅದರ ಚಿತ್ರವನ್ನೇ ಹಾಕುತ್ತೇವೆ, ಬಿಡಿ.

ಮತ್ತೆ ಆ ಬಂಡೆ ಕಡೆ ಹೋದರೆ ಸ್ವಲ್ಪ ಹೊತ್ತು ದೂರದಲ್ಲೇ ಕೂತು ನೋಡಿ. ಕೆಂಪು ಬೆನ್ನು ಇದ್ದಕ್ಕಿದ್ದಂತೆ ಹಳದಿಯಾಯಿತೋ, ಪಕ್ಕದ ಕಲ್ಲಿನ ಮೇಲೂ ಕಣ್ಣಾಡಿಸಿ. ಇನ್ನೊಬ್ಬ ಪೈಲ್ವಾನ ಅಲ್ಲೇ ಎಲ್ಲೋ ಇರಬೇಕು.