ಹೆದರಿದ ಪಾತ್ರ ಏನು ಮಾಡುತ್ತದೆ? – ಕಥೆ ಬರೆಯುವವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಭಯದ ಬಗ್ಗೆ ಕೇಳಿದವರೇ ಜಾಸ್ತಿ. ಅದರಲ್ಲೂ ಹಾಸನ, ಚಿಕ್ಕಮಗಳೂರು ಕಡೆಯವರು. ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದದ ಉತ್ತರವೇ ಬೇಕು.

ಪ್ರಶ್ನೆ: ಮೇಡಂ, ನನ್ನ ಕಥೆಯಲ್ಲಿ ಒಬ್ಬ ಎಸ್ಟೇಟ್ ರೈಟರ್ (ಕಾಫಿ ತೋಟದಲ್ಲಿ ಆಳು, ಲೆಕ್ಕ ನೋಡಿಕೊಳ್ಳುವವನು) ಇದ್ದಾನೆ. ಆನೆ ಅಂದರೆ ಅವನಿಗೆ ಪ್ರಾಣಭಯ. ಪುಟಗಟ್ಟಲೆ ಅವನ ಹೆದರಿಕೆ ಬರೆದಿದ್ದೇನೆ. ಓದಿದವರೆಲ್ಲ ‘ಕಥೆ ಮುಂದಕ್ಕೇ ಹೋಗ್ತಿಲ್ಲ’ ಅಂತಾರೆ. ಭಯ ಪಾತ್ರವನ್ನು ನಡೆಸುತ್ತದೆ ಅಂತ ಹೇಳ್ತಾರಲ್ವಾ, ನನ್ನ ರೈಟರ್ ಯಾಕೆ ಕೂತಲ್ಲೇ ಕೂತಿದ್ದಾನೆ? (ಓದುಗ, ಸಕಲೇಶಪುರ)

ಉತ್ತರ: ಅವನು ಯಾಕೆ ಏಳಬೇಕು ಹೇಳಿ? ಆನೆಗೆ ಹೆದರುವವನು ಬಾಗಿಲು ಹಾಕಿಕೊಂಡು ಒಳಗೆ ಕೂರುವುದೇ ಬುದ್ಧಿವಂತಿಕೆ. ನೀವು ಅವನಿಗೆ ಒಂದೇ ಒಂದು ಭಯ ಕೊಟ್ಟಿದ್ದೀರಿ. ‘ಹೊರಗೆ ಹೋಗಬೇಡ’ ಅನ್ನುವುದು ಬಿಟ್ಟು ಆ ಭಯ ಬೇರೇನೂ ಹೇಳುವುದಿಲ್ಲ. ಅವನು ಏಳಬೇಕಾದರೆ ಇನ್ನೊಂದು ಭಯ ಬೇಕು, ಅದು ಅವನನ್ನು ಎದುರು ದಿಕ್ಕಿಗೆ ಎಳೆಯಬೇಕು.

ಅದನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆಗಳು ಹಗಲು ಹೊತ್ತು ಕಾಫಿ ತೋಟದೊಳಗೇ ನಿಂತಿರುತ್ತವೆ, ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತವೆ. ಹಿಂಡು ಎಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಮೆಸೇಜ್ ಬರುತ್ತದೆ. ಈಗ ಜನವರಿ ಅಂದುಕೊಳ್ಳಿ. ಹಣ್ಣಾದ ಕಾಫಿ ಉದುರಲು ಶುರುವಾಗಿದೆ, ಆಳು ಸಿಗುವುದೇ ಕಷ್ಟ, ಸಾಹುಕಾರರು ದಿನಾ ರಾತ್ರಿ ಫೋನ್ ಮಾಡಿ ಇವತ್ತು ಎಷ್ಟು ಕುಯ್ದರು ಅಂತ ಕೇಳುತ್ತಾರೆ. ಬೆಳಗ್ಗೆ ಹೆಂಗಸರು ಬುತ್ತಿ ಹಿಡಿದುಕೊಂಡು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಬಂದು ನಿಂತಿದ್ದಾರೆ. ಆಗ ಮೆಸೇಜ್ ಬರುತ್ತದೆ. ಹಿಂಡು ಇವತ್ತು ಕುಯ್ಯಬೇಕಾದ ಜಾಗದ ಪಕ್ಕದಲ್ಲೇ ಇದೆ. ಆಳುಗಳನ್ನು ವಾಪಸ್ ಕಳಿಸಿದರೆ ಅವನ ಕೆಲಸಕ್ಕೆ ಕುತ್ತು, ಕೆಲಸ ಹೋದರೆ ತೋಟದವರು ಕೊಟ್ಟ ಮನೆಯೂ ಹೋಯಿತು, ಪೇಟೆಯಲ್ಲಿ ಓದುತ್ತಿರುವ ಮಗಳ ಫೀಸು ಎಲ್ಲಿಂದ ತರುವುದು? ಒಳಗೆ ಕಳಿಸಿದರೆ ಯಾರ ಜೀವ ಹೋಗುತ್ತದೋ ಗೊತ್ತಿಲ್ಲ. ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡು ‘ಹೊರಡಿ ಹೊರಡಿ, ಹೊತ್ತಾಯ್ತು’ ಅನ್ನುತ್ತಾನೆ.

ಆನೆ ಇನ್ನೂ ಕಣ್ಣಿಗೇ ಬಿದ್ದಿಲ್ಲ, ಆದರೆ ಕಥೆ ಶುರುವಾಯಿತು. ಇನ್ನು ಆ ದಿನವೆಲ್ಲ ಅವನು ಸುಮ್ನೆ ಕೂರಲು ಸಾಧ್ಯವೇ ಇಲ್ಲ. ಪದೇ ಪದೇ ತೋಟಕ್ಕೆ ಹೋಗಿ ಬರುತ್ತಾನೆ, ಕಾರಣವಿಲ್ಲದೆ ಬೈಯುತ್ತಾನೆ, ಮಧ್ಯಾಹ್ನಕ್ಕೇ ‘ಇವತ್ತಿಗೆ ಸಾಕು’ ಅಂದು ಎಲ್ಲರನ್ನೂ ಹೊರಡಿಸುತ್ತಾನೆ, ಯಾಕೆ ಅಂತ ಕೇಳಿದವಳಿಗೆ ಸುಳ್ಳು ಹೇಳುತ್ತಾನೆ. ಆನೆಗೆ ಹೆದರುತ್ತಿದ್ದವನು ಸಂಜೆ ಹೊತ್ತಿಗೆ ಆ ಮೆಸೇಜನ್ನು ಬೇರೆ ಯಾರಾದರೂ ನೋಡಿರಬಹುದಾ ಅಂತ ಹೆದರುತ್ತಿರುತ್ತಾನೆ. ಬೆಳಗಿನ ಭಯ ಸಂಜೆಗೆ ಬೇರೆಯೇ ಆಗಿದೆ. ಇಂಥ ಬದಲಾವಣೆಗೇ ಓದುಗ ಪುಟ ತಿರುಗಿಸುವುದು.

ಕಂಸನನ್ನು ನೆನಪು ಮಾಡಿಕೊಳ್ಳಿ. ಯಕ್ಷಗಾನದಲ್ಲಿ ನೋಡಿರುತ್ತೀರಿ, ಹರಿಕಥೆಯಲ್ಲಿ ಕೇಳಿರುತ್ತೀರಿ. ತಂಗಿ ದೇವಕಿಯ ಮದುವೆಯಾಗಿದೆ. ಗಂಡನ ಮನೆಗೆ ಹೊರಟ ರಥದ ಲಗಾಮು ಅಣ್ಣನ ಕೈಯಲ್ಲೇ ಇದೆ, ಅಷ್ಟು ಪ್ರೀತಿ. ಇವಳ ಎಂಟನೇ ಮಗು ನಿನ್ನನ್ನು ಕೊಲ್ಲುತ್ತದೆ ಅಂತ ಅಶರೀರವಾಣಿ ಹೇಳಿದ ಕೂಡಲೇ ಅವನು ಲಗಾಮು ಬಿಟ್ಟು ಅವಳ ಜಡೆ ಹಿಡಿದು ಕತ್ತಿ ಎತ್ತುತ್ತಾನೆ. ಹುಟ್ಟುವ ಮಕ್ಕಳನ್ನೆಲ್ಲ ತಂದು ಒಪ್ಪಿಸುತ್ತೇನೆ ಅಂತ ವಸುದೇವ ಮಾತು ಕೊಟ್ಟ ಮೇಲೆ ಬಿಡುತ್ತಾನೆ. ಆಮೇಲೆ ಸೆರೆಮನೆ, ಕೂಸುಗಳ ಕೊಲೆ, ಪೂತನಿ. ಎಲ್ಲವನ್ನೂ ಮಾಡಿಸುವುದು ಭಯವೇ. ಮಾಡಿದಷ್ಟೂ ಭಯ ಹೆಚ್ಚುತ್ತದೆ. ಕೊನೆಗೆ ಅಕ್ರೂರನನ್ನು ಕಳಿಸಿ ಕೃಷ್ಣನನ್ನು ಮಥುರೆಗೆ ಕರೆಸಿಕೊಳ್ಳುವವನು ಬೇರೆ ಯಾರೂ ಅಲ್ಲ, ಇದೇ ಕಂಸ. ಯಾವುದರಿಂದ ತಪ್ಪಿಸಿಕೊಳ್ಳಲು ಇಷ್ಟೆಲ್ಲ ಮಾಡಿದನೋ ಅದನ್ನು ತಾನೇ ಮನೆಗೆ ಕರೆದ.

ನಿಮ್ಮ ರೈಟರ್‌ಗೂ ಅಶರೀರವಾಣಿಗಿಂತ ಲಗಾಮು ಮುಖ್ಯ. ಭಯ ಬರುವುದಕ್ಕೆ ಮುಂಚೆ ಅವನ ಕೈಯಲ್ಲಿ ಏನಿತ್ತು, ಯಾರನ್ನು ಕಂಡರೆ ಅವನಿಗೆ ಪ್ರೀತಿ, ಯಾವ ಮಾತಿಗೆ ಅವನು ಬೆಲೆ ಕೊಡುತ್ತಿದ್ದ? ಇದನ್ನು ಅರ್ಧ ಪುಟದಲ್ಲಿ ತೋರಿಸಿ. ಭಯ ಅವನಿಂದ ಅದನ್ನು ಬಿಡಿಸಿದಾಗ ಮಾತ್ರ ನಮಗೆ ನೋವಾಗುವುದು. ಸುಮ್ಮನೆ ಹೆದರುವ ಮನುಷ್ಯನ ಬಗ್ಗೆ ನಮಗೆ ಅಯ್ಯೋ ಅನ್ನಿಸುತ್ತದೆ, ಅಷ್ಟೇ. ಹೆದರಿ ತನಗೆ ಬೇಕಾದವರಿಗೇ ದ್ರೋಹ ಮಾಡುವವನನ್ನು ಕಂಡರೆ ‘ನಾನಾಗಿದ್ದರೆ ಏನು ಮಾಡ್ತಿದ್ದೆ’ ಅನ್ನಿಸುತ್ತದೆ.

ಪ್ರಶ್ನೆ: ಎದೆ ಢವಢವ, ಮೈ ಬೆವರು, ಕೈ ನಡುಕ. ಭಯ ಬರೆಯಲು ಹೊರಟರೆ ನನಗೆ ಈ ಮೂರೇ ಬರುತ್ತವೆ. ಬೇರೆ ದಾರಿ ಇದೆಯಾ ಮೇಡಂ? (ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು)

ಉತ್ತರ: ಆ ಮೂರೂ ನಿಜವೇ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಹೆಚ್ಚಾಗುತ್ತದೆ, ಎದೆಬಡಿತ ಏರುತ್ತದೆ, ಓಡಲು ಬೇಕಾದ ಮಾಂಸಖಂಡಗಳಿಗೆ ರಕ್ತ ಜಾಸ್ತಿ ಹೋಗಿ ಚರ್ಮಕ್ಕೆ ಕಮ್ಮಿಯಾಗುತ್ತದೆ, ಅದಕ್ಕೇ ಕೈ ತಣ್ಣಗಾಗುವುದು. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅರಳುತ್ತದೆ. ಆದರೆ ಇದು ನನಗೂ ಆಗುತ್ತದೆ, ನಿಮಗೂ ಆಗುತ್ತದೆ, ನಿಮ್ಮ ಕಥೆಯ ಕಳ್ಳನಿಗೂ ಪೊಲೀಸಿಗೂ ಆಗುತ್ತದೆ. ಇದರಿಂದ ಮೈ ಹೆದರಿದೆ ಅಂತ ಗೊತ್ತಾಗುತ್ತದೆಯೇ ಹೊರತು, ಹೆದರಿದವರು ಎಂಥವರು ಅಂತ ಗೊತ್ತಾಗುವುದಿಲ್ಲ.

ಭಯ ಇರುವವರ ದಿನಚರಿ ನೋಡಿ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ಕಡೆ ಗುಡ್ಡ ಜರಿದು ಮನೆ, ತೋಟ ಕೊಚ್ಚಿಹೋದವು, ಚಾರ್ಮಾಡಿ ಘಾಟಿ ರಸ್ತೆ ಬಂದ್ ಆಯಿತು. ಅದನ್ನು ಕಂಡ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ವರ್ಷಗಳು ಕಳೆದಿವೆ. ಈಗಲೂ ಜೂನ್ ಬಂತೆಂದರೆ ಪಹಣಿ, ಆಧಾರ್, ಪಾಸ್‌ಬುಕ್ಕು ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಾಳೆ. ಮಕ್ಕಳನ್ನು ಗುಡ್ಡದ ಕಡೆಯ ಕೋಣೆಯಲ್ಲಿ ಮಲಗಲು ಬಿಡುವುದಿಲ್ಲ, ಆದರೆ ಸೊಳ್ಳೆ ಜಾಸ್ತಿ ಅಂತ ಬೇರೆ ಕಾರಣ ಹೇಳುತ್ತಾಳೆ. ಕೊಟ್ಟಿಗೆಯಲ್ಲಿ ಹಸುವಿನ ಹಗ್ಗವನ್ನು ಬಿಗಿಯಾಗಿ ಕಟ್ಟುವುದಿಲ್ಲ, ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕುತ್ತಾಳೆ. ಎಲ್ಲೂ ‘ಭಯ’ ಅನ್ನುವ ಮಾತೇ ಬಂದಿಲ್ಲ. ಆ ಗಂಟು ಬರೆಯಿರಿ. ಅವಳು ಹಸುವನ್ನೂ ಲೆಕ್ಕಕ್ಕೆ ಇಟ್ಟುಕೊಂಡಿದ್ದಾಳೆ ಅನ್ನುವುದೇ ಅವಳ ಗುಣ ಹೇಳುತ್ತದೆ.

ಎದೆ ಢವಢವವನ್ನು ಪೂರಾ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಗುಡ್ಡ ಜರಿಯುವ ಕ್ಷಣಕ್ಕೆ ಅದನ್ನು ಉಳಿಸಿಟ್ಟುಕೊಳ್ಳಿ.

ಪ್ರಶ್ನೆ: ನಾಯಕ ಹೆದರುಪುಕ್ಕಲ ಆದರೆ ಓದುಗರು ಒಪ್ಪುತ್ತಾರಾ? (ಓದುಗ, ಬೇಲೂರು)

ಉತ್ತರ: ಖಂಡಿತ ಒಪ್ಪುತ್ತಾರೆ. ಉತ್ತರಕುಮಾರ ಇಲ್ವಾ? ಅಂತಃಪುರದಲ್ಲಿ ಹೆಂಗಸರ ಮುಂದೆ ಕೊಚ್ಚಿಕೊಂಡು ಹೊರಟವನು ಕೌರವರ ಸೈನ್ಯ ಕಂಡ ತಕ್ಷಣ ರಥದಿಂದ ಹಾರಿ ಓಡಿದ. ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದ. ನಾವು ಇಲ್ಲಿಗೇ ನಕ್ಕು ನಿಲ್ಲಿಸುತ್ತೇವೆ, ಅದು ಅನ್ಯಾಯ. ಆಮೇಲೆ ಅದೇ ಹುಡುಗ ಬನ್ನಿ ಮರ ಹತ್ತಿ ಪಾಂಡವರ ಆಯುಧ ಇಳಿಸಿದ, ಅದೇ ಸೈನ್ಯದ ಎದುರಿಗೆ ಅರ್ಜುನನ ಸಾರಥಿಯಾಗಿ ರಥ ನಡೆಸಿದ. ಒಂದೇ ಮಧ್ಯಾಹ್ನದಲ್ಲಿ ಭಯ ಹಾರಿಹೋಯಿತು ಅಂತ ನನಗೆ ಅನ್ನಿಸುವುದಿಲ್ಲ. ಹೆದರಿಕೊಂಡೇ ರಥ ನಡೆಸಿರಬೇಕು. ನನಗಂತೂ ಆ ಹುಡುಗ ತುಂಬ ಇಷ್ಟ.

ಪ್ರಶ್ನೆ: ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಒಬ್ಬ ಮೇಷ್ಟ್ರ ಕಥೆ ಬರೆಯುತ್ತಿದ್ದೇನೆ. ಈಗ ವಯಸ್ಸಾಗಿದೆ, ಹಾಸನದ ಬಾಡಿಗೆ ಮನೆಯಲ್ಲೇ ಸತ್ತುಹೋಗುತ್ತೇನೆ ಅನ್ನುವ ಭಯ ಅವರಿಗೆ. ಕಥೆ ಮುಗಿಯುವಾಗ ಆ ಭಯ ಹೋಗಲೇಬೇಕಾ? (ಓದುಗಿ, ಹಾಸನ)

ಉತ್ತರ: ಬೇಕಿಲ್ಲ. ಆ ಅಣೆಕಟ್ಟು 1979ರಲ್ಲಿ ಮುಗಿಯಿತು. ಇಷ್ಟು ವರ್ಷ ಹೊತ್ತುಕೊಂಡು ಬಂದ ಭಯವನ್ನು ಕೊನೆಯ ಪುಟದಲ್ಲಿ ಇಳಿಸಿಬಿಟ್ಟರೆ ಯಾರೂ ನಂಬುವುದಿಲ್ಲ. ಭಯ ಇರಲಿ. ಅದನ್ನು ಇಟ್ಟುಕೊಂಡು ಮೇಷ್ಟ್ರು ಏನು ಮಾಡುತ್ತಾರೆ ಅನ್ನುವುದನ್ನು ತೀರ್ಮಾನಿಸಿ.

ಪರೀಕ್ಷಿತನ ಕಥೆ ಎರಡು ಕಡೆ ಎರಡು ಥರ ಇದೆ. ಏಳು ದಿನದಲ್ಲಿ ತಕ್ಷಕ ಕಚ್ಚಿ ಸಾಯುತ್ತೀಯ ಅನ್ನುವ ಶಾಪ ಎರಡರಲ್ಲೂ ಒಂದೇ. ಮಹಾಭಾರತದಲ್ಲಿ ಅವನು ಒಂಟಿ ಕಂಬದ ಮೇಲೆ ಮನೆ ಕಟ್ಟಿಸಿ, ಕಾವಲಿಟ್ಟು, ವೈದ್ಯರನ್ನೂ ಮಂತ್ರವಾದಿಗಳನ್ನೂ ಸುತ್ತ ಇಟ್ಟುಕೊಂಡು ಕೂರುತ್ತಾನೆ. ಹಾವು ಹಣ್ಣಿನೊಳಗಿನ ಹುಳುವಾಗಿ ಒಳಗೆ ಬರುತ್ತದೆ. ಭಾಗವತದಲ್ಲಿ ಅದೇ ರಾಜ ಎಲ್ಲ ಬಿಟ್ಟು ಗಂಗೆಯ ದಡಕ್ಕೆ ಹೋಗಿ ಶುಕಮುನಿಯ ಬಾಯಿಂದ ಕಥೆ ಕೇಳುತ್ತ ಆ ಏಳು ದಿನ ಕಳೆಯುತ್ತಾನೆ. ಶಾಪ ಒಂದೇ, ಸಾವು ಒಂದೇ, ಆದರೆ ಓದಿದವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು ಸಿಗುತ್ತಾರೆ.

ನಿಮ್ಮ ಮೇಷ್ಟ್ರು ಇವರಲ್ಲಿ ಯಾರ ಥರ? ಮಗನ ಜತೆ ಜಗಳವಾಡಿ, ಇರುವ ದುಡ್ಡೆಲ್ಲ ಸುರಿದು ಹೇಗಾದರೂ ಒಂದು ಸ್ವಂತ ಸೈಟು ಕೊಳ್ಳಲು ಓಡಾಡುವವರಾ? ಇಲ್ಲ, ನೀರು ಇಳಿದ ಬೇಸಿಗೆಯಲ್ಲಿ ಮೊಮ್ಮಗಳನ್ನು ಶೆಟ್ಟಿಹಳ್ಳಿಯ ಹಳೇ ಚರ್ಚಿನ ಹತ್ತಿರ ಕರೆದುಕೊಂಡು ಹೋಗಿ, ಕೈ ತೋರಿಸಿ, ನಮ್ಮ ಮನೆ ಆ ಕಡೆ ಇತ್ತು, ಶಾಲೆ ಈ ಕಡೆ ಇತ್ತು ಅಂತ ಹೇಳುವವರಾ? ಎರಡೂ ಒಳ್ಳೆಯ ಕಥೆಗಳೇ. ನನ್ನನ್ನು ಕೇಳಿದರೆ ಮೊದಲು ಸೈಟಿಗೆ ಓಡಾಡಿಸಿ, ಮಗನ ಜತೆಗಿನ ಜಗಳ ಪೂರ್ತಿ ನಡೆಯಲಿ, ಮೊಮ್ಮಗಳು ಅದನ್ನೆಲ್ಲ ಕೇಳಿಸಿಕೊಳ್ಳಲಿ. ಚರ್ಚಿನ ಹತ್ತಿರ ಹೋಗೋಣ ಅಂತ ಆಮೇಲೆ ಅವಳೇ ಕೇಳಲಿ.