ಕೀಪರ್ ತೆಗೆದದ್ದಲ್ಲ, ತೆಗೆದ ಹೊತ್ತು ತಪ್ಪು

ಅಂತರ ಕಾಲೇಜು ಹಾಕಿ ಶುರುವಾದರೆ ಸಾಕು, ನನಗೆ ಬರುವ ಪತ್ರಗಳಲ್ಲಿ ಅರ್ಧ ಅಂಪೈರ್‌ಗೆ ಬೈಗುಳ, ಇನ್ನರ್ಧ ಕೋಚ್‌ಗೆ. ಮೊದಲ ಪತ್ರದಲ್ಲಿ ಎರಡೂ ಇವೆ.

ಪ್ರಶ್ನೆ: ಸೆಮಿಫೈನಲ್‌ನಲ್ಲಿ ನಾವು 1–2ರಿಂದ ಹಿಂದಿದ್ದೆವು. ಆರು ನಿಮಿಷ ಬಾಕಿ. ಚೆಂಡು ನಮ್ಮ ಅರ್ಧದಲ್ಲೇ ಇದ್ದಾಗ ಕೋಚ್ ಗೋಲ್‌ಕೀಪರನ್ನು ಹೊರಗೆ ಕರೆದು, ದಾಳಿಗೆ ಇನ್ನೊಬ್ಬ ಆಟಗಾರನನ್ನು ಇಳಿಸಿದರು. ಕೂಡಲೇ ಹಿಂದೆ ನಿಂತು ತಡೆಯುವ ನಮ್ಮ ಫುಲ್‌ಬ್ಯಾಕ್ ಕಾಲಿಗೆ ಚೆಂಡು ಬಿದ್ದು ಎದುರಾಳಿಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲ್ ಪಕ್ಕದ ಗೆರೆಯಿಂದ ಚೆಂಡು ತಳ್ಳಿ ಗೋಲಿಗೆ ಹೊಡೆಯುವ ಅವಕಾಶ. ಕೀಪರ್ ವಾಪಸ್ ಬರಲು ಅಂಪೈರ್ ಬಿಡಲಿಲ್ಲ. ಗೋಲಾಯಿತು. ಇದು ಮೋಸ ಅಲ್ವಾ?

ಉತ್ತರ: ಅಲ್ಲ. ಪೆನಾಲ್ಟಿ ಕಾರ್ನರ್ ಕೊಟ್ಟ ಗಳಿಗೆಯಿಂದ ಅದು ಮುಗಿಯುವವರೆಗೆ ಆಟಗಾರರ ಬದಲಾವಣೆ ಇಲ್ಲ. ತಡೆಯುವ ತಂಡದ ಕೀಪರ್‌ಗೆ ಪೆಟ್ಟಾದರೆ ಅಥವಾ ಕಾರ್ಡ್ ಬಿದ್ದರೆ ಮಾತ್ರ ವಿನಾಯಿತಿ. ನಿಮ್ಮ ಕೀಪರ್ ಬೆಂಚಿನ ಮೇಲೆ ಆರಾಮಾಗಿದ್ದ. ‘ಯಾವಾಗ ಬೇಕಾದರೂ ಬರಬಹುದು’ ಅಂತ ಹೇಳಿಕೊಟ್ಟ ಹಾಸ್ಟೆಲ್ ಪಂಡಿತರು ಯಾರೋ, ಅವರನ್ನು ಕೇಳಿ.

ಫುಲ್‌ಬ್ಯಾಕ್ ಕಾಲಲ್ಲಿ ತಡೆಯಬಹುದು ಅಂತಲೂ ಕೆಲವರು ನಂಬಿದ್ದಾರೆ. ಮೊದಲು ಕೀಪರ್ ಬದಲು ಬೇರೆ ಬಣ್ಣದ ಅಂಗಿ ಹಾಕಿದ ಒಬ್ಬನಿಗೆ ಆ ಸವಲತ್ತು ಇತ್ತು. 2019ರಿಂದ ಇಲ್ಲ. ಕೀಪರ್ ಹೋದರೆ ಹನ್ನೊಂದೂ ಜನ ಬರೀ ಸ್ಟಿಕ್‌ನಲ್ಲೇ ಆಡಬೇಕು. ಚೆಂಡು ನೇರ ಖಾಲಿ ಗೋಲಿಗೆ ಹೋಗುತ್ತಿದ್ದರೆ ನಾನು ಕಾರ್ನರ್ ಅಲ್ಲ, ಪೆನಾಲ್ಟಿ ಸ್ಟ್ರೋಕ್ (ಗೋಲಿನೆದುರು ಒಬ್ಬನೇ ನಿಂತು ಹೊಡೆಯುವ ಅವಕಾಶ) ಕೊಡುತ್ತಿದ್ದೆ.

ಇನ್ನು ಕೋಚ್. ಕೀಪರ್ ತೆಗೆಯುವುದೇ ಹುಚ್ಚಾಟ ಅಂತ ಬೈಯಬೇಡಿ. ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ 4–5ರಿಂದ ಹಿಂದಿದ್ದ ಜರ್ಮನಿಯೂ ಅದನ್ನೇ ಮಾಡಿತು. ಕೊನೆಯ ಸೆಕೆಂಡುಗಳಲ್ಲಿ ಅದಕ್ಕೊಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು, ಭಾರತದ ಕೀಪರ್ ಶ್ರೀಜೇಶ್ ತಡೆದರು. ತಡೆಯದೇ ಹೋಗಿದ್ದರೆ ಜರ್ಮನ್ ಕೋಚ್ ಮಹಾಜಾಣ ಅನ್ನುತ್ತಿದ್ದಿರಿ.

ನಿಮ್ಮವರು ಎಡವಿದ್ದು ಹೊತ್ತು ನೋಡುವುದರಲ್ಲಿ. ಚೆಂಡು ಎದುರಾಳಿಯ ಗೋಲಿನ ಕಡೆಯ 23 ಮೀಟರ್ ಗೆರೆ ದಾಟಿ ನಿಮ್ಮವರ ಸ್ಟಿಕ್‌ಗೆ ಅಂಟಿಕೊಂಡಿರಬೇಕು. ಹಿಂದೆ ತಣ್ಣನೆ ತಲೆಯ ಒಬ್ಬ ನಿಂತಿರಬೇಕು. ಆಗ ತೆಗೆಯಿರಿ. ನಾನಾಗಿದ್ದರೆ ಕೊನೆಯ ಎರಡು ನಿಮಿಷದವರೆಗೆ ಕೀಪರ್ ತಂಟೆಗೇ ಹೋಗುತ್ತಿರಲಿಲ್ಲ. ಹೆದರುಪುಕ್ಕಲ ಅನ್ನಿ, ಪರವಾಗಿಲ್ಲ.

ಪ್ರಶ್ನೆ: ಚೆಂಡು ಕಾಲಿಗೆ ತಾಗಿದರೂ ವಿಸಿಲ್ ಯಾಕಿಲ್ಲ?

ಉತ್ತರ: ಬೇಕಂತಲೇ ಕಾಲು ಕೊಟ್ಟಿರಬೇಕು, ಇಲ್ಲವೇ ಅದರಿಂದ ಲಾಭ ಆಗಿರಬೇಕು. ಸುಮ್ನೆ ತಾಗಿದ್ದಕ್ಕೆಲ್ಲ ಊದುತ್ತಾ ಕೂತರೆ ಆಟ ನಡೆಯುವುದಿಲ್ಲ.

ಪ್ರಶ್ನೆ: ಆ ಗೋಲು ಆಫ್‌ಸೈಡ್ ಅಲ್ವಾ?

ಉತ್ತರ: ಹಾಕಿಯಲ್ಲಿ ಆಫ್‌ಸೈಡ್ ಹೋಗಿದ್ದು 1990ರ ದಶಕದಲ್ಲಿ. ನಿಮ್ಮ ಸೆಂಟರ್ ಫಾರ್ವರ್ಡ್ ಆಗ ಹುಟ್ಟಿಯೇ ಇರಲಿಲ್ಲ.

ಪ್ರಶ್ನೆ: ಮೊಬೈಲ್ ವಿಡಿಯೊ ನೋಡಿ ತೀರ್ಪು ಬದಲಿಸಬಾರದೇ?

ಉತ್ತರ: ವಿಡಿಯೊ ಅಂಪೈರ್ ಇದ್ದ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೇ ಭಾರತದ ಅಮಿತ್ ರೋಹಿದಾಸ್‌ಗೆ ಕೊಟ್ಟ ಕೆಂಪು ಕಾರ್ಡ್ ಬಗ್ಗೆ ಹಾಕಿ ಇಂಡಿಯಾ ದೂರು ಕೊಡಬೇಕಾಯಿತು. ಇನ್ನು ನಿಮ್ಮ ಗ್ಯಾಲರಿ ವಿಡಿಯೊ! ಇನ್ನು ಮುಂದೆ ಕಳಿಸಬೇಡಿ. ಕಳೆದ ವಾರ ಬಂದ ಮೂರರಲ್ಲೂ ಚೆಂಡಿಗಿಂತ ಮುಂದೆ ಕೂತವರ ತಲೆಯೇ ಜಾಸ್ತಿ ಕಾಣುತ್ತಿತ್ತು.